ನಾಲೆ ಏರಿ, ಕೆರೆ ಏರಿ: ಜನ ನಡೆದಾಡಿದರೆ ದಾರಿಯೂ ಉಳಿದೀತು, ನೀರೂ ಉಳಿದೀತು

ಬೆಳಗಿನ ಆರು ಗಂಟೆಗೆ ಮಂಡ್ಯದ ಯಾವ ಬಡಾವಣೆಗೆ ಹೋದರೂ ಬಿರುಸಾಗಿ ಕೈಬೀಸಿ ನಡೆಯುವವರು ಕಾಣಸಿಗುತ್ತಾರೆ. ಹಳ್ಳಿಯಲ್ಲಿ ಇದೇ ಮಾತೆತ್ತಿದರೆ ಜನ ನಗುತ್ತಾರೆ. ಭತ್ತದ ಬೀಜೋಪಚಾರದ ಪ್ರಾತ್ಯಕ್ಷಿಕೆ ಮುಗಿಸಿ ಕುಳಿತಿದ್ದಾಗ ಹಿರಿಯ ರೈತರೊಬ್ಬರು ತಮಗೆ ಸಕ್ಕರೆ ಕಾಯಿಲೆ ಇದೆಯೆಂದೂ, ದಿನಾ ನಡೆಯಬೇಕೆಂದು ಡಾಕ್ಟರು ಹೇಳಿದ್ದಾರೆಂದೂ ತಿಳಿಸಿ, “ಗೇಯೋರ್ಗೂ ವಾಕಿಂಗ್ ಯಾಕ್ ಸಾ? ಅದೆಲ್ಲ ಪ್ಯಾಟೆಯೋರ್ಗೆ” ಎಂದರು.

“ಗದ್ದೆಗೆ ಹೇಗೆ ಹೋಗುತ್ತೀರಿ, ಯಜಮಾನರೇ?” ಎಂದು ಕೇಳಿದೆ.

“ಮಗ ಬೈಕಲ್ಲಿ ಬುಟ್ಟು ಬತ್ತಾನೆ. ಮುಂಚೆ ನಾಲೆ ಏರಿ ಮ್ಯಾಲೆ ನಡ್ಕಂಡೇ ಓಯ್ತಿದ್ದೆ. ಈಗ ಅಲ್ಲಿ ದಾರಿ ಎಲ್ಲೈತೆ ಸಾ? ಜಾಲಿ ಬೆಳ್ಕಂಡೈತೆ.”

ಅವರ ಈ ಉತ್ತರವೇ ಇಂದಿನ ಲೇಖನದ ವಿಷಯ. ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಏರು ತಗ್ಗಿಲ್ಲದ, ವಯಸ್ಸಾದವರೂ ಸುಲಭವಾಗಿ ನಡೆಯಬಹುದಾದ ದಾರಿಗಳಿಗೆ ಬರವಿಲ್ಲ. ನಾಲೆಯ ಏರಿ, ಕೆರೆಯ ಏರಿ, ಹಳೆಯ ಫಾರಂಗಳ ಸಾಲುಮರದ ಹಾದಿ ಎಲ್ಲವೂ ಇವೆ. ಆದರೆ ನಡೆಯುವವರಿಲ್ಲದೆ ಅವು ಒಂದೊಂದಾಗಿ ಮುಚ್ಚಿಹೋಗುತ್ತಿವೆ. ದಾರಿ ಮುಚ್ಚಿದರೆ ನಷ್ಟವಾಗುವುದು ಆರೋಗ್ಯಕ್ಕೆ ಮಾತ್ರವಲ್ಲ, ಬೆಳೆಗೂ ಹೌದು.

ಮಂಡ್ಯ: ನಾಲೆ ಮತ್ತು ಫಾರಂ

1911ರಲ್ಲಿ ಕೃಷ್ಣರಾಜಸಾಗರದ ಕೆಲಸ ಆರಂಭವಾಯಿತು. ಅಲ್ಲಿಂದ ಹೊರಟ ದೊಡ್ಡ ನಾಲೆಗೆ ಆಗಿನ ವೈಸರಾಯರ ಹೆಸರಿನಿಂದ ಇರ್ವಿನ್ ನಾಲೆ ಎಂದು ಹೆಸರಾಯಿತು. ಅದೇ ಇಂದಿನ ವಿಶ್ವೇಶ್ವರಯ್ಯ ನಾಲೆ. ಹುಲಿಕೆರೆಯ ಬಳಿ ಗುಡ್ಡದೊಳಗೆ ಸುರಂಗ ಕೊರೆದು ನೀರನ್ನು ಈ ಸೀಮೆಗೆ ತಂದರು. ರಾಗಿ, ಹುರುಳಿಯ ನೆಲ ಕಬ್ಬು, ಭತ್ತದ ನೆಲವಾಯಿತು. ನೀರಾವರಿ ಬೇಸಾಯ ಹೊಸದಾಗಿದ್ದ ರೈತರಿಗೆ ದಾರಿ ತೋರಲು ಮಂಡ್ಯದ ಬಳಿ ತೆರೆದ ಇರ್ವಿನ್ ನಾಲಾ ಫಾರಂ ಇಂದು ವಿ.ಸಿ. ಫಾರಂ ಎಂದು ಹೆಸರಾಗಿದೆ. ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಸಂಕರಗೊಳಿಸಿ ‘ಇಂಡಾಫ್’ ತಳಿಗಳನ್ನು ಕೊಟ್ಟ ಲಕ್ಷ್ಮಣಯ್ಯನವರು ದುಡಿದದ್ದು ಈ ಫಾರಂನಲ್ಲೇ. ಕ್ಷೇತ್ರೋತ್ಸವಕ್ಕೆ ಅಥವಾ ಬೀಜಕ್ಕೆಂದು ಹೋದಾಗ ಅಧಿಕಾರಿಗಳ ಅನುಮತಿ ಪಡೆದು ತಾಕುಗಳ ನಡುವಿನ ದಾರಿಯಲ್ಲಿ ಒಂದು ಸುತ್ತು ನಡೆಯಿರಿ. ಕಾಲಿಗೆ ಕೆಲಸ, ಕಣ್ಣಿಗೆ ಪಾಠ. ಪ್ರಯೋಗದ ತಾಕಿನಲ್ಲಿ ತೆನೆ ಕೀಳುವುದಾಗಲಿ, ಫಲಕ ಮುಟ್ಟುವುದಾಗಲಿ ಕೂಡದು.

ಮದ್ದೂರು: ಸತ್ಯಾಗ್ರಹದ ನೆಲ, ಕೊಕ್ಕರೆಯ ಊರು

ಮದ್ದೂರು ಪಟ್ಟಣಕ್ಕೆ ಹೊಂದಿಕೊಂಡ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ನಿಷೇಧವನ್ನು ಲೆಕ್ಕಿಸದೆ ಧ್ವಜ ಹಾರಿಸಿದರು. ಆ ನೆಲದಲ್ಲಿ ಈಗ ಸತ್ಯಾಗ್ರಹ ಸೌಧವಿದೆ. ಸಂತೆಗೆ, ಕಚೇರಿ ಕೆಲಸಕ್ಕೆ ಮದ್ದೂರಿಗೆ ಬಂದವರು ಬಸ್ಸಿಗೆ ಕಾಯುತ್ತ ಕೂರುವ ಬದಲು ಮಕ್ಕಳೊಂದಿಗೆ ಅಲ್ಲಿಯವರೆಗೆ ನಡೆದು ಬರಬಹುದು.

ಇದೇ ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಊರೊಳಗಿನ ಹುಣಸೆ, ಆಲದ ಮರಗಳಲ್ಲೇ ಗೂಡು ಕಟ್ಟುತ್ತವೆ. ಹೆರಿಗೆಗೆ ತವರಿಗೆ ಬಂದ ಮಗಳಂತೆ ಊರವರು ಅವನ್ನು ನೋಡಿಕೊಳ್ಳುತ್ತ ಬಂದಿದ್ದಾರೆ. ಹಿಕ್ಕೆ ಬೆರೆತ ಮಣ್ಣು ಹೊಲಕ್ಕೆ ಒಳ್ಳೆಯ ಗೊಬ್ಬರ. 2007ರಲ್ಲಿ ಈ ಊರನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಈ ಹಕ್ಕಿಗಳು ಮರಿಗಳಿಗೆ ಮೀನು ತರುವುದು ಸುತ್ತಲಿನ ಕೆರೆ, ಹೊಳೆಗಳಿಂದ. ನಮ್ಮೂರ ಕೆರೆ ಕೆಟ್ಟರೆ ಬೆಳ್ಳೂರಿನ ಮರವೂ ಬರಿದಾದೀತು.

ಮಳವಳ್ಳಿ: ಕಾಮೇಗೌಡರ ಕಟ್ಟೆಗಳು

ಮಳವಳ್ಳಿ ತಾಲ್ಲೂಕಿನ ಎಲ್ಲ ಊರಿಗೂ ನಾಲೆಯ ನೀರಿಲ್ಲ. ದಾಸನದೊಡ್ಡಿಯ ಕುರಿಗಾಹಿ ಕಾಮೇಗೌಡರು ಬೇಸಿಗೆಯಲ್ಲಿ ಕುರಿ, ಹಕ್ಕಿಗಳಿಗೆ ಗುಟುಕು ನೀರಿಲ್ಲದ್ದನ್ನು ಕಂಡು, ಊರ ಬಳಿಯ ಬೆಟ್ಟದಲ್ಲಿ ಒಂದರ ನಂತರ ಒಂದರಂತೆ ಹದಿನಾರು ಕಟ್ಟೆಗಳನ್ನು ತೋಡಿಸಿದರು. ಸಸಿಗಳನ್ನೂ ನೆಟ್ಟರು. 2020ರ ಜೂನ್‌ನಲ್ಲಿ ಪ್ರಧಾನಿಯವರು ತಮ್ಮ ಬಾನುಲಿ ಭಾಷಣದಲ್ಲಿ ಅವರ ಹೆಸರು ಹೇಳಿದರು. 2022ರ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡರು. ದೊಡ್ಡ ಓದು ಓದದ ಆ ಹಿರಿಯರಿಗೆ ನೀರು ಎಲ್ಲಿ ಇಳಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಕಲಿಸಿದ್ದು ಕುರಿಯ ಹಿಂದಿನ ನಡಿಗೆ. ನೆಲವನ್ನು ಕಾಲಿಂದ ಅಳೆದವರಿಗೆ ಮಾತ್ರ ಈ ತಿಳಿವಳಿಕೆ ದಕ್ಕುತ್ತದೆ.

ನಡೆಯುವವರಿಲ್ಲದಿದ್ದರೆ ಏನಾಗುತ್ತದೆ?

ಕೆಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಹೋಬಳಿಯ ಒಂದು ಊರಿನಲ್ಲಿ ಉಪನಾಲೆಯ ಏರಿ ರಾತ್ರಿ ಒಡೆಯಿತು. ಬೆಳಗಾಗುವ ಹೊತ್ತಿಗೆ ನಾಟಿಯಾಗಿದ್ದ ಗದ್ದೆಗಳ ಮೇಲೆ ಮಣ್ಣು, ಮರಳು ಹರಡಿತ್ತು. ಕೊನೆಯ ಭಾಗದ ರೈತರಿಗೆ ಆ ಸರದಿಯ ನೀರೇ ತಪ್ಪಿತು. ವಿಚಾರಿಸಿದರೆ, ಹದಿನೈದು ದಿನಗಳಿಂದ ಏರಿಯ ಬುಡದಲ್ಲಿ ಏಡಿ ಬಿಲದಿಂದ ನೀರು ಜಿನುಗುತ್ತಿತ್ತು. ಪಕ್ಕದ ಗದ್ದೆಯವರು ಮಳೆಯ ನೀರೆಂದು ಸುಮ್ಮನಿದ್ದರು. ಏರಿಯ ಮೇಲೆ ಮುಳ್ಳು ತುಂಬಿದ್ದರಿಂದ ನೀರುಗಂಟಿಯೂ ಆ ಕಡೆ ಸುಳಿದಿರಲಿಲ್ಲ. ನಾನೂ ಪಕ್ಕದ ರಸ್ತೆಯಲ್ಲಿ ವಾರವಾರ ಬೈಕಿನಲ್ಲಿ ಹೋಗುತ್ತಿದ್ದವನೇ. ಒಮ್ಮೆಯೂ ಇಳಿದು ನೋಡಿರಲಿಲ್ಲ. ಒಬ್ಬರು ಬೆಳಗ್ಗೆ ಆ ಏರಿಯ ಮೇಲೆ ನಡೆಯುತ್ತಿದ್ದರೂ ಆ ನಷ್ಟ ತಪ್ಪುತ್ತಿತ್ತು.

ಇನ್ನೊಂದು ಸಂಗತಿಯನ್ನು ಬೇಸರವಿಲ್ಲದೆ ಕೇಳಬೇಕು. ಏರಿಯ ಪಕ್ಕದ ಜಮೀನಿನವರು ಉಳುವಾಗ ವರ್ಷಕ್ಕೊಂದು ಸಾಲು ಏರಿಯ ಬುಡಕ್ಕೆ ಸರಿಯುತ್ತಾರೆ. ಒಂದು ಸಾಲೇನು ಮಹಾ ಎನಿಸುತ್ತದೆ. ಹತ್ತು ವರ್ಷದಲ್ಲಿ ಗಾಡಿ ಹೋಗುತ್ತಿದ್ದ ಏರಿಯ ಮೇಲೆ ಇಬ್ಬರು ಜೊತೆಯಾಗಿ ನಡೆಯಲಾಗದು. ಬುಡ ಸವೆದ ಏರಿ ನೀರಿನ ಒತ್ತಡ ತಡೆಯದು. ಗಳಿಸಿದ್ದು ನಾಲ್ಕು ಹಿಡಿ ಭತ್ತ, ಕಳೆದುಕೊಳ್ಳುವುದು ಇಡೀ ಅಚ್ಚುಕಟ್ಟಿನ ಬೆಳೆ.

ನಡೆಯುವಾಗ ನೋಡತಕ್ಕವು

1. ಏರಿಯ ಹೊರಬದಿಯಲ್ಲಿ ನೀರು ಜಿನುಗುತ್ತಿದೆಯೇ ನೋಡಿ. ತಿಳಿನೀರಾದರೆ ಗುರುತಿಟ್ಟು ದಿನಾ ಗಮನಿಸಿ, ನೀರುಗಂಟಿಗೆ ತಿಳಿಸಿ. ಕೆಂಪಗೆ ಮಣ್ಣು ಬೆರೆತು ಬರುತ್ತಿದ್ದರೆ ಏರಿ ಒಳಗೇ ಕೊರೆಯುತ್ತಿದೆ ಎಂದರ್ಥ. ಕೂಡಲೇ ನೀರಾವರಿ ಇಂಜಿನಿಯರರಿಗೆ ಸುದ್ದಿ ಮುಟ್ಟಿಸಬೇಕು. ಹೊರಬಾಯಿಗೆ ಜೇಡಿಮಣ್ಣು ಮೆತ್ತಬಾರದು, ನೀರು ಇನ್ನೊಂದು ಬಾಯಿ ಮಾಡಿಕೊಳ್ಳುತ್ತದೆ. ಅವರು ಬರುವವರೆಗೆ ಅದರ ಸುತ್ತ ಮರಳಿನ ಚೀಲ ಬಳಸಿ ಇಟ್ಟರೆ ರಭಸ ತಗ್ಗುತ್ತದೆ.

2. ಏಡಿ, ಇಲಿ, ಹೆಗ್ಗಣಗಳ ಬಿಲಗಳನ್ನು ನೀರು ಬಿಡುವ ಮುನ್ನವೇ ಗುರುತಿಸಿ ಮಣ್ಣು ತುಂಬಿ ದಮ್ಮಸ್ಸು ಮಾಡಿಸಬೇಕು.

3. ಏರಿಯ ಮೈಮೇಲೆ ಗರಿಕೆ ಇರಲಿ, ದೊಡ್ಡ ಮರ ಬೇಡ. ಬೇರು ಕೊಳೆತ ಜಾಗ ನೀರಿಗೆ ಕೊಳವೆಯಾಗುತ್ತದೆ. ಹೊಂಗೆ, ಬೇವುಗಳನ್ನು ಬುಡದಿಂದ ದೂರ ನೆಡಿ.

4. ಕೆರೆಯಲ್ಲಿ ತೂಬಿನ ಸುತ್ತ ಮಣ್ಣು ಕುಸಿದಿದೆಯೇ, ಕೋಡಿಗೆ ಕಸ ಕಟ್ಟಿದೆಯೇ ಎಂದು ಮಳೆಗಾಲಕ್ಕೆ ಮೊದಲೇ ನೋಡಿಕೊಳ್ಳಿ.

ಎಚ್ಚರಿಕೆಗಳು

ನಾಲೆ ಹೊಳೆಯಂತಲ್ಲ. ಕಾಂಕ್ರೀಟ್ ಹಾಕಿದ ಬದಿಯಲ್ಲಿ ಪಾಚಿ ಕಟ್ಟಿ ಜಾರುತ್ತದೆ. ಬಿದ್ದವರು ಈಜು ಬಲ್ಲವರಾದರೂ ಹತ್ತಲಾರರು. ನಡೆಯುವಾಗ ನೀರಿಗೆ ದೂರವಾದ ಬದಿಯನ್ನೇ ಹಿಡಿಯಬೇಕು. ಯಾರಾದರೂ ಬಿದ್ದರೆ ಹಿಂದೆಯೇ ಹಾರದೆ ಹಗ್ಗ, ಸೀರೆ, ಬಿದಿರು ಗಳ ಎಸೆಯಿರಿ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಪ್ರಾಣ ಕಳೆದುಕೊಂಡದ್ದನ್ನು ಮರೆಯುವಂತಿಲ್ಲ. ವಾಹನ ಓಡಾಡುವ ಏರಿಗಳಲ್ಲಿ ತಡೆಗೋಡೆ ಇಲ್ಲದಿದ್ದರೆ ಗ್ರಾಮಸಭೆಯಲ್ಲಿ ಕೇಳಿ ಬರೆಸಬೇಕು.

ಕಬ್ಬು, ಭತ್ತದ ಬಯಲಿನಲ್ಲಿ ಮಂಡಲದ ಹಾವು ಸಾಮಾನ್ಯ. ಮಸುಕಿನಲ್ಲಿ ಟಾರ್ಚು, ಕೋಲು ಇರಲಿ. ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಬೇಡ. ಆ ಕಾಲನ್ನು ಅಲ್ಲಾಡಿಸದೆ ನೇರವಾಗಿ ಸರ್ಕಾರಿ ಆಸ್ಪತ್ರೆಗೆ ಸೇರಿಸಿ. ಸಕ್ಕರೆ ಕಾಯಿಲೆಯವರು ಬರಿಗಾಲಲ್ಲಿ ನಡೆಯಲೇಬಾರದು, ಅವರಿಗೆ ಮುಳ್ಳು ಚುಚ್ಚಿದ್ದೂ ತಿಳಿಯದೆ ಹೋಗಬಹುದು. ಕಾಲಿನಲ್ಲಿ ಗಾಯವಿದ್ದವರು ನಿಂತ ಕೊಳಕು ನೀರಿಗೆ ಇಳಿಯಬಾರದು. ಇಲಿಯ ಮೂತ್ರ ಬೆರೆತ ನೀರಿನಿಂದ ಇಲಿಜ್ವರ ಬರುತ್ತದೆ.

ಎಷ್ಟು ನಡೆಯಬೇಕು?

ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸು ನಡಿಗೆಯಂಥ ಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎಂದರೆ ವಾರದಲ್ಲಿ ಐದು ದಿನ ಅರ್ಧ ಅರ್ಧ ಗಂಟೆ. ಟಿಲ್ಲರು, ಬೈಕು ಬಂದ ಮೇಲೆ ಬೇಸಾಯಗಾರರ ನಡಿಗೆಯೂ ಕಡಿಮೆಯಾಗಿದೆ. ಗದ್ದೆಗೆ ಹೋಗುವ ದಾರಿಯಲ್ಲೇ ಈ ಅರ್ಧ ಗಂಟೆ ಸಿಗುವುದಾದರೆ ಪ್ರತ್ಯೇಕ ಹೊತ್ತು ಬೇಕಿಲ್ಲ.

ಆದುದರಿಂದ ವಾಚನಾಲಯದಲ್ಲಿ ಇದನ್ನು ಓದುತ್ತಿರುವವರು ಇಂದೇ ಹತ್ತು ಮಂದಿ ಕೂಡಿ ಮಾತಾಡಿ. ನೀರು ನಿಂತ ಸಮಯ ನೋಡಿ, ನೀರಾವರಿ ಕಚೇರಿಗೆ ತಿಳಿಸಿ, ಒಂದು ಭಾನುವಾರ ಕುಡುಗೋಲು, ಮಚ್ಚು ಹಿಡಿದು ನಿಮ್ಮೂರ ಏರಿಯ ಜಾಲಿ ಕಡಿಯಿರಿ. ಒತ್ತುವರಿಯ ತಕರಾರಿದ್ದರೆ ಜಗಳವಾಡದೆ ಸರ್ವೆಗೆ ಅರ್ಜಿ ಕೊಡಿ, ನಕ್ಷೆಯೇ ಹೇಳುತ್ತದೆ. ಆಮೇಲೆ ದಿನಾ ಇಬ್ಬರಾದರೂ ಅಲ್ಲಿ ನಡೆಯಿರಿ. ಏರಿ ಕಾಯುವುದಕ್ಕೆ ಅದಕ್ಕಿಂತ ಅಗ್ಗದ ಉಪಾಯ ನನಗೆ ತಿಳಿದಿಲ್ಲ.