ಹಸಿಮೆಣಸಿನಕಾಯಿ, ಒಣಮೆಣಸಿನಕಾಯಿ ಮತ್ತು ಇಪ್ಪತ್ತು ನಿಮಿಷದ ವಿಡಿಯೊ ಕಾಲ್

ಸಿಲ್ಲೋಡಿಗೆ ಬಂದ ಹೊಸದರಲ್ಲಿ ‘ಕನ್ನಡ’ ಎಂದು ಬೋರ್ಡು ಹಾಕಿಕೊಂಡ ಬಸ್ಸೊಂದನ್ನು ಕಂಡು ಎದೆ ಝಲ್ಲೆಂದಿತ್ತು. ಪಕ್ಕದ ತಾಲ್ಲೂಕಿನ ಹೆಸರೇ ಕನ್ನಡ ಎಂದು ಆಮೇಲೆ ತಿಳಿಯಿತು. ಅಲ್ಲಿ ನಡೆಯುವುದು ಮರಾಠಿಯೇ ಬಿಡಿ. ಛತ್ರಪತಿ ಸಂಭಾಜಿನಗರದಿಂದ ಅಜಂತಾ ನೋಡಲು ಹೋದವರು ನಮ್ಮ ಸಿಲ್ಲೋಡನ್ನು ದಾಟಿಯೇ ಹೋಗಿರುತ್ತೀರಿ, ಹೆಸರು ನೆನಪಿರಲಿಕ್ಕಿಲ್ಲ. ನಮ್ಮವರಿಗೆ ಬ್ಯಾಂಕಿನಲ್ಲಿ ವರ್ಗವಾಗಿ ನಾವಿಲ್ಲಿ ಬಂದು ನಾಲ್ಕು ವರ್ಷವಾಯಿತು.

ನನ್ನ ತವರು ಬ್ಯಾಡಗಿ ಕಡೆ. ತಮ್ಮ ಅಲ್ಲೇ ಒಂದು ಸರ್ಕಾರಿ ಶಾಲೆಯಲ್ಲಿ ಮಾಸ್ತರ. ನಕಾಶೆಯಲ್ಲಿ ಬ್ಯಾಡಗಿಯಿಂದ ನೆಟ್ಟಗೆ ಉತ್ತರಕ್ಕೆ ಗೆರೆ ಎಳೆದರೆ ಅದು ಹೆಚ್ಚುಕಡಿಮೆ ಸಿಲ್ಲೋಡಿಗೇ ಬಂದು ಮುಟ್ಟುತ್ತದೆ. ಎರಡೂ ಕಡೆ ಮೆಣಸಿನಕಾಯಿ ಬೆಳೆಯುತ್ತಾರೆ. ಇಲ್ಲಿಯವರು ಹಸಿರಿದ್ದಾಗಲೇ ಕಿತ್ತು ಮಾರುತ್ತಾರೆ, ನಮ್ಮವರು ಗಿಡದಲ್ಲೇ ಕೆಂಪಾಗಲು ಬಿಟ್ಟು ಒಣಗಿಸುತ್ತಾರೆ. ಈ ಒಂದು ವ್ಯತ್ಯಾಸ ಹಿಡಿದು ಎರಡು ಶಾಲೆಯ ಐದನೇ ತರಗತಿಯವರನ್ನು ವಿಡಿಯೊದಲ್ಲಿ ಕೂಡಿಸಬೇಕೆಂಬ ಹುಚ್ಚು ನನ್ನದೇ. ಇಲ್ಲಿನ ಜಿಲ್ಲಾ ಪರಿಷತ್ ಶಾಲೆಯ ಗುರೂಜಿ ಒಪ್ಪಿದರು.

ಮೊದಲ ಕಾಲ್ ಪೂರ್ತಿ ಕೆಟ್ಟಿತು. ಜುಲೈ ತಿಂಗಳು, ತಗಡಿನ ಚಾವಣಿಯ ಮೇಲೆ ಜೋರು ಮಳೆ, ಆ ಕಡೆಯ ಒಂದು ಮಾತೂ ಕೇಳದು. ಒಂದೇ ಮೊಬೈಲಿನ ಮುಂದೆ ಮೂವತ್ತೆಂಟು ತಲೆ. ಅವರೊಂದು ಹಾಡು ಹೇಳಿದರು, ಇವರೊಂದು ಹಾಡು ಹೇಳಿದರು, ಎಲ್ಲರೂ ಕೈ ಬೀಸಿದರು, ಮುಗಿಯಿತು. ಮೆಣಸಿನಕಾಯಿಯ ಸುದ್ದಿಯನ್ನು ಯಾರೂ ಎತ್ತಲಿಲ್ಲ. ರಾತ್ರಿ ತಮ್ಮ ಫೋನ್ ಮಾಡಿ, “ಅಕ್ಕಾ, ಹುಡುಗ್ರು ಫೋಟೋ ತೆಗೆಸ್ಕೊಳ್ಳಾಕ ಬಂದಂಗ ಬಂದ್ರು, ಹೋದ್ರು” ಅಂದ. ನನಗೆ ಸಿಟ್ಟು ಬಂತು, ಆದರೆ ಅವನು ಹೇಳಿದ್ದು ನಿಜ.

ಆಗ ನೆನಪಾದದ್ದು ಸೋಲಾಪುರ ಜಿಲ್ಲೆಯ ಪರಿತೇವಾಡಿಯ ರಣಜಿತ್‌ಸಿಂಹ ಡಿಸಲೆ. 2020ರ ಜಾಗತಿಕ ಶಿಕ್ಷಕ ಪ್ರಶಸ್ತಿ ಪಡೆದವರು. ಹತ್ತು ಲಕ್ಷ ಡಾಲರಿನಲ್ಲಿ ಅರ್ಧವನ್ನು ಜೊತೆಗೆ ಅಂತಿಮ ಸುತ್ತಿಗೆ ಬಂದ ಒಂಬತ್ತು ಮಂದಿಗೆ ಹಂಚಿದವರು. ಅವರ ಶಾಲೆಯ ಹುಡುಗಿಯರ ಮನೆಮಾತು ಕನ್ನಡ ಎಂದು ಪ್ರಶಸ್ತಿ ಕೊಟ್ಟವರೇ ಹೇಳಿದ್ದರಿಂದ ನಮ್ಮ ಪತ್ರಿಕೆಗಳಲ್ಲೂ ಸುದ್ದಿಯಾಗಿತ್ತು. ಪಠ್ಯಪುಸ್ತಕದ ಕ್ಯೂಆರ್ ಕೋಡಿನಿಂದ ಅವರು ಹೆಸರಾದರೂ ನನಗೆ ಬೇಕಾದದ್ದು ಅವರ ಇನ್ನೊಂದು ಕೆಲಸ. ಭಾರತ–ಪಾಕಿಸ್ತಾನ, ಇಸ್ರೇಲ್–ಪ್ಯಾಲೆಸ್ತೀನ್ ಹೀಗೆ ಬಿರುಕಿರುವ ನಾಡುಗಳ ಮಕ್ಕಳನ್ನು ಜೋಡಿ ಮಾಡಿ ಮಾತಾಡಿಸುವ ಯೋಜನೆ ಅದು. ಅದರ ಅವಧಿ ಆರು ವಾರ! ನಾವೋ ಒಂದೇ ಮಧ್ಯಾಹ್ನದಲ್ಲಿ ಸ್ನೇಹ ಮಾಡಿಸಲು ಹೊರಟಿದ್ದೆವು.

ಹಾಗಾಗಿ ಮೂವರೂ ಕೂತು ಮತ್ತೆ ಲೆಕ್ಕ ಹಾಕಿದೆವು. ಮೊದಲ ತೊಡಕು ಪಂಚಾಂಗದ್ದು. ಕರ್ನಾಟಕದ ಶಾಲೆಗಳಿಗೆ ದಸರಾ ರಜೆ, ಇಲ್ಲಿ ದೀಪಾವಳಿಗೆ ದೊಡ್ಡ ರಜೆ. ಅಕ್ಟೋಬರ್, ನವೆಂಬರ್ ಎರಡೂ ಕೈಬಿಟ್ಟವು. ಬ್ಯಾಡಗಿಯಲ್ಲಿ ಹೊಸ ಕಾಯಿ ಕೆಂಪಾಗಿ ಮಾರುಕಟ್ಟೆಗೆ ಬರುವುದು ಜನವರಿಯ ಹೊತ್ತಿಗೆ, ಆಗ ಸಿಲ್ಲೋಡಿನ ಹಸಿಕಾಯಿಯ ಭರಾಟೆ ಮುಗಿದಿರುತ್ತದೆ. ಜನವರಿಯವರೆಗೆ ಕಾಯೋಣ ಎಂದೆ ನಾನು. ಗುರೂಜಿ ತಲೆ ಅಲ್ಲಾಡಿಸಿದರು. ಮರಾಠವಾಡದಿಂದ ದೀಪಾವಳಿಯ ಸುಮಾರಿಗೆ ಕುಟುಂಬಗಳು ಕಬ್ಬು ಕಡಿಯಲು ಹೊರಡುತ್ತವೆ, ಪಶ್ಚಿಮ ಮಹಾರಾಷ್ಟ್ರಕ್ಕೆ, ನಮ್ಮ ಬೆಳಗಾವಿ, ಬಾಗಲಕೋಟೆ ಕಡೆಗೂ. ತರಗತಿಯ ಐದು ಮಕ್ಕಳು ಆಗ ಇರುವುದಿಲ್ಲ. “ಹೋಗುವ ಮಕ್ಕಳಿಗೇ ಇದು ಹೆಚ್ಚು ಬೇಕು” ಎಂದರು ಅವರು. ನನಗೆ ಅದು ಹೊಳೆದೇ ಇರಲಿಲ್ಲ.

ದಾರಿ ತೋರಿಸಿದವನು ತಮ್ಮ. ಬ್ಯಾಡಗಿಯಲ್ಲಿ ಶೀತಲಗೃಹಗಳಿಗೆ ಬರವಿಲ್ಲ, ಹೋದ ವರ್ಷದ ಕಾಯಿ ಆಗಸ್ಟಿನಲ್ಲೂ ಸಿಗುತ್ತದೆ. ಹೊಸ ಕಾಯಿಗೆ ಕಾಯುವ ಬದಲು ಹಳೆಯ ಕಾಯಿಯನ್ನೇ ಯಾಕೆ ತಣ್ಣಗೆ ಇಡುತ್ತಾರೆ ಎಂಬುದನ್ನೇ ಪ್ರಶ್ನೆ ಮಾಡಿದೆವು. ಆ ಪ್ರಶ್ನೆಗೆ ಸಿಲ್ಲೋಡಿನ ಮಕ್ಕಳ ಹತ್ತಿರ ಉತ್ತರವಿಲ್ಲ. ಹಸಿಕಾಯಿಯನ್ನು ಬೆಳಿಗ್ಗೆ ಕಿತ್ತು ಅವತ್ತೇ ಯಾಕೆ ಲಾರಿಗೆ ಹಾಕಬೇಕು ಎಂಬುದಕ್ಕೆ ಬ್ಯಾಡಗಿಯವರ ಹತ್ತಿರ ಇಲ್ಲ. ಆ ಕಡೆಯವರನ್ನು ಕೇಳದೆ ಕೆಲಸ ಮುಗಿಯಬಾರದು, ಯೋಜನೆಯ ಗುಟ್ಟು ಅಷ್ಟೇ. ಸ್ಕೈಪ್ ಕಾಲದಲ್ಲಿ ಎರಡು ತರಗತಿಗಳು ಹೌದು–ಇಲ್ಲ ಎಂಬ ಉತ್ತರಗಳಿಂದಲೇ ಪರಸ್ಪರರ ಊರು ಪತ್ತೆಹಚ್ಚುವ ಆಟವೊಂದಿತ್ತು. 2025ರ ಮೇನಲ್ಲಿ ಸ್ಕೈಪ್ ಮುಚ್ಚಿತು, ಆಟಕ್ಕೇನೂ ಆಗಿಲ್ಲ. ನಮ್ಮ ಮಕ್ಕಳೂ ಅದರಿಂದಲೇ ಶುರು ಮಾಡಿದರು.

ಕಾಲಿಗೆ ಮೊದಲು ಮೂರು ವಾರ ಬರೀ ಫೋಟೊ, ಧ್ವನಿ ಸಂದೇಶಗಳ ಓಡಾಟ. ನಾಲ್ಕು ನಾಲ್ಕು ಮಕ್ಕಳ ಗುಂಪು: ಒಂದು ಗುಂಪಿಗೆ ಸಂತೆಯ ದರ ಬರೆಯುವ ಕೆಲಸ, ಇನ್ನೊಂದಕ್ಕೆ ಮನೆಯ ಅಡುಗೆ ಕೇಳುವುದು, ಮತ್ತೊಂದಕ್ಕೆ ಗಿಡದ ಚಿತ್ರ. ಹಿಂದಿನ ದಿನ ಅದೇ ಹೊತ್ತಿಗೆ ಲ್ಯಾಪ್‌ಟಾಪು, ಸ್ಪೀಕರು, ನೆಟ್‌ವರ್ಕು ಎಲ್ಲ ಹಚ್ಚಿ ನೋಡಿದೆವು. ಮಳೆ ಬಂದರೆಂದು ಸ್ಲ್ಯಾಬ್ ಇರುವ ಕೋಣೆಯನ್ನೇ ಹಿಡಿದೆವು.

ನಾನು ಮಾಡಿದ ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ಮೊದಲ ಸಲ ಎಲ್ಲವನ್ನೂ ನಾನೇ ಅನುವಾದಿಸಿದ್ದೆ. ಮಕ್ಕಳು ಒಬ್ಬರನ್ನೊಬ್ಬರು ನೋಡುವ ಬದಲು ನನ್ನ ಮುಖ ನೋಡುತ್ತಿದ್ದರು. ಈ ಸಲ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದುಕೊಟ್ಟು ಹಿಂದೆ ಸರಿದೆ. ಬ್ಯಾಡಗಿಯ ಹುಡುಗ ಕನ್ನಡ ಅಕ್ಷರದಲ್ಲಿದ್ದ ಮರಾಠಿಯನ್ನು, “ಕಿಲೋಲಾ ಕಾಯ್ ಭಾವ್?” ಎಂದು ಓದಿದಾಗ ಇಲ್ಲಿ ಮೂವತ್ತೆಂಟು ಮಂದಿ ಒಟ್ಟಿಗೆ ಉತ್ತರ ಕೂಗಿದರು.

ಎರಡನೇ ಕಾಲ್ ಇಪ್ಪತ್ತೇ ನಿಮಿಷ. ಬ್ಯಾಡಗಿ ಕಾಯಿಗೆ ಬೆಲೆ ಬರುವುದು ಬಣ್ಣಕ್ಕೆ, ಖಾರ ಕಡಿಮೆ, ಬಣ್ಣ ಹೋಗಬಾರದೆಂದೇ ತಣ್ಣಗೆ ಇಡುವುದು, 2011ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದೆ ಎಂದೆಲ್ಲ ಅಲ್ಲಿಯವರು ಹೇಳಿದರು. ಅದರ ಬಣ್ಣ ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ ಎಂದಾಗ ಇಲ್ಲಿನ ಹುಡುಗಿಯರು ನಂಬಲೇ ಇಲ್ಲ. ಮಿರ್ಚಿಯನ್ನು ತುಟಿಗೆ ಹಚ್ಚಿಕೊಳ್ಳುತ್ತಾರೆಯೇ! ಇವರು ಠೇಚಾ ಕುಟ್ಟಿ ತೋರಿಸಿದರು, ಅವರು ಕೆಂಪು ಚಟ್ನಿ. ಭಾಕರಿ–ರೊಟ್ಟಿ ಎರಡೂ ಒಂದೇ ಎಂದು ಯಾರೋ ಹೇಳಿದ್ದಕ್ಕೆ ಸಣ್ಣ ಜಗಳವೂ ಆಯಿತು.

ಕೊನೆಯಲ್ಲಿ, ಚೀಟಿಯಲ್ಲಿ ಇಲ್ಲದ ಪ್ರಶ್ನೆಯನ್ನು ಒಬ್ಬ ಹುಡುಗಿ ಕೇಳಿದಳು. ದೀಪಾವಳಿ ಆದಮೇಲೆ ಅಪ್ಪ–ಅಮ್ಮನ ಜೊತೆ ಬಾಗಲಕೋಟೆ ಕಡೆ ಕಬ್ಬಿಗೆ ಹೋಗುವವಳು. ನಿಮ್ಮಲ್ಲಿ ನೀರು ಬೇಕೆಂದರೆ ಏನನ್ನಬೇಕು? ನಾನು ಬಾಯಿ ತೆರೆಯುವ ಮುಂಚೆ ಆ ಕಡೆಯಿಂದಲೇ ಉತ್ತರ ಬಂತು: “ನೀರು ಕೊಡ್ರಿ.” ಆಮೇಲೆ ದವಾಖಾನೆ ಎಂದರೇನು, ಶಾಲೆ ಎಲ್ಲಿದೆ, ಹೆದರಿಕೆ ಆಗುತ್ತಿದೆ ಎನ್ನುವುದು ಹೇಗೆ. ದವಾಖಾನೆಗೆ ಎರಡೂ ಕಡೆ ಒಂದೇ ಮಾತು ಎಂದು ತಿಳಿದಾಗ ಅವಳ ಮುಖ ನೋಡಬೇಕಿತ್ತು.

ಗಂಟೆ ಹೊಡೆದ ಮೇಲೂ ಅವಳು ಏಳಲಿಲ್ಲ. ಆ ಕಡೆಯ ಮಕ್ಕಳು ಒಂದೊಂದೇ ಮಾತು ನಿಧಾನಕ್ಕೆ ಹೇಳುತ್ತಿದ್ದರು, ಇವಳು ದೇವನಾಗರಿಯಲ್ಲಿ ಬರೆದುಕೊಳ್ಳುತ್ತಿದ್ದಳು. ಡೇಟಾ ಮುಗಿದು ಕಾಲ್ ಕಡಿದಾಗ ಅವಳ ವಹಿಯಲ್ಲಿ ಹದಿನೇಳು ಕನ್ನಡ ಮಾತುಗಳಿದ್ದವು.