ಮೆದುಳಿನ ಆಘಾತಶೇಷಗಳೂ ಅಯಸ್ಕಾಂತ ಚಿಕಿತ್ಸೆಯೂ

ತಲೆಗೆ ಪೆಟ್ಟು ತಗಲಿ ಕಪಾಲದೊಳಗೆ ಮೆದುಳು ಅದುರಿದಾಗ ಉಂಟಾಗುವ ವಿಕಾರವನ್ನು ಪಾಶ್ಚಾತ್ಯ ವೈದ್ಯರು ಕನ್‌ಕಷನ್ ಎಂದು ಕರೆಯುವರು. ಸಾಮಾನ್ಯವಾಗಿ ಬುರುಡೆ ಒಡೆದಿರುವುದಿಲ್ಲ. ತಲೆಯ ಒಳಚಿತ್ರಗಳಲ್ಲಿಯೂ ಏನೂ ಕಾಣದು. ಬಹುಮಂದಿ ಕೆಲವು ವಾರಗಳಲ್ಲಿ ತಾವಾಗಿಯೇ ಗುಣಹೊಂದುವರು. ಕೆಲವರಲ್ಲಿ ಮಾತ್ರ ತಲೆನೋವು, ತಲೆಸುತ್ತು, ನಿದ್ರಾಭಂಗ, ಮರೆವು, ಮನಸ್ಸಿನ ಕುಗ್ಗು ಇವು ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ ಉಳಿಯುವುವು. ಕಣ್ಣಿಗೆ ಕಾಣುವ ಗಾಯವಿಲ್ಲದುದರಿಂದ ಇಂತಹವರ ಮಾತನ್ನು ಮನೆಯವರೂ ನಂಬದಿರುವುದುಂಟು. ಇವರಿಗೆ ಅಯಸ್ಕಾಂತದಿಂದ ಉಪಶಮನ ದೊರೆಯಬಹುದೇ ಎಂಬುದು ಪ್ರಕೃತ ವಿಚಾರ.

ಅಯಸ್ಕಾಂತವೆಂದೊಡನೆ ಹದಿನೆಂಟನೆಯ ಶತಮಾನದ ಮೆಸ್ಮರನ ನೆನಪಾಗಿ ವಾಚಕರು ನಕ್ಕರೆ ಆಶ್ಚರ್ಯವಿಲ್ಲ. ಆದರೆ ಇಲ್ಲಿಯ ತತ್ತ್ವವೇ ಬೇರೆ. ಬದಲಾಗುತ್ತಿರುವ ಅಯಸ್ಕಾಂತ ಕ್ಷೇತ್ರವು ಹತ್ತಿರದ ವಾಹಕದಲ್ಲಿ ವಿದ್ಯುತ್ಪ್ರವಾಹವನ್ನು ಹುಟ್ಟಿಸುವುದೆಂದು ಫ್ಯಾರಡೆಯು 1831ರಲ್ಲಿ ತೋರಿಸಿದನು. ಮೆದುಳೂ ಒಂದು ವಾಹಕವೇ. ತಲೆಯ ಚರ್ಮದ ಮೇಲಿಂದ ನೇರವಾಗಿ ವಿದ್ಯುತ್ತನ್ನು ಹಾಯಿಸಿದರೆ ಎಲುಬು ಅದನ್ನು ಬಹುವಾಗಿ ತಡೆಯುವುದಲ್ಲದೆ ನೋವೂ ಆಗುವುದು. ಅಯಸ್ಕಾಂತ ಕ್ಷೇತ್ರಕ್ಕಾದರೋ ಎಲುಬು ಅಡ್ಡಿಯಲ್ಲ. 1985ರಲ್ಲಿ ಇಂಗ್ಲೆಂಡಿನ ಷೆಫೀಲ್ಡಿನಲ್ಲಿ ಆಂಟನಿ ಬಾರ್ಕರ್ ಮತ್ತು ಸಂಗಡಿಗರು ತಂತಿಯ ಸುರುಳಿಯೊಂದನ್ನು ತಲೆಯ ಮೇಲಿರಿಸಿ ಕ್ಷಣಮಾತ್ರ ಪ್ರಬಲ ಪ್ರವಾಹವನ್ನು ಹರಿಸಲು, ಕೈಯ ಸ್ನಾಯುಗಳು ತಾವಾಗಿಯೇ ಮಿಡಿದುವು. ಈ ಕ್ಷೇತ್ರದ ಬಲ ಸುಮಾರು 1.5ರಿಂದ 2 ಟೆಸ್ಲಾ. ಸಾಧಾರಣ ಸುರುಳಿಯ ಪ್ರಭಾವ 2–3 ಸೆಂಟಿಮೀಟರಿಗಿಂತ ಹೆಚ್ಚು ಆಳಕ್ಕಿಳಿಯದು. ಸೆಕೆಂಡಿಗೆ ಒಂದರಂತೆ ಮಿಡಿತಗಳನ್ನು ಕೊಟ್ಟರೆ ನರಕೋಶಗಳ ಉದ್ರೇಕವು ತಗ್ಗುವುದೆಂದೂ ಐದು ಅಥವಾ ಹೆಚ್ಚಾದರೆ ಏರುವುದೆಂದೂ ಸಾಮಾನ್ಯ ನಿಯಮ. ಆದರೆ ವ್ಯಕ್ತಿಯಿಂದ ವ್ಯಕ್ತಿಗೆ ಇದು ಬಹಳ ವ್ಯತ್ಯಾಸವಾಗುವುದು.

ಮನಸ್ಸಿನ ಖಿನ್ನತೆಗೆ ಈ ಉಪಕರಣವನ್ನು ಬಳಸಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2008ರಲ್ಲಿ ಅನುಮತಿಯಿತ್ತಿತು. ಖಿನ್ನತೆಯಲ್ಲಿ ಉದ್ರೇಕಿಸುವ ಎಡ ಮುಂಮೆದುಳಿನ ಭಾಗವನ್ನೇ ಆಘಾತಶೇಷಗಳಿಗೂ ಆರಿಸಿಕೊಳ್ಳುವುದು ವಾಡಿಕೆಯಾಗಿದೆ. ನೋವನ್ನೂ ಏಕಾಗ್ರತೆಯನ್ನೂ ಹತೋಟಿಯಲ್ಲಿಡುವ ಜಾಲಗಳಲ್ಲಿ ಆ ಭಾಗಕ್ಕೆ ಪಾಲುಂಟೆಂಬುದೇ ಇದಕ್ಕೆ ಕಾರಣ.

ಇನ್ನು ಫಲವೇನು? ಕೆನಡಾದ ಮಾಂಟ್ರಿಯಲಿನಿಂದ 2015ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 15 ಮಂದಿ ರೋಗಿಗಳಿದ್ದರು. ಲಕ್ಷಣಗಳು ಕಡಿಮೆಯಾದುವೆಂಬ ವರದಿ ಬಂದಿತು. ಆದರೆ ಹೋಲಿಸಲು ಹುಸಿ ಚಿಕಿತ್ಸೆ ಪಡೆದ ಗುಂಪಿರಲಿಲ್ಲ. ತಾನಾಗಿಯೇ ಕ್ರಮೇಣ ಇಳಿಯಬಲ್ಲ ವ್ಯಾಧಿಯಲ್ಲಿ ಇದು ಸಣ್ಣ ಕೊರತೆಯಲ್ಲ. ಮೆಸ್ಮರನ ಪಂಥವನ್ನು ಪರೀಕ್ಷಿಸಲು 1784ರಲ್ಲಿ ಪ್ಯಾರಿಸಿನಲ್ಲಿ ಕುಳಿತ, ಫ್ರಾಂಕ್ಲಿನ್ ಮತ್ತು ಲಾವೊಸಿಯೆ ಇದ್ದ ಮಂಡಲಿಯು ರೋಗಿಗಳ ಕಣ್ಣಿಗೆ ಬಟ್ಟೆ ಕಟ್ಟಿಸಿ, ಪರಿಣಾಮವು ಕಾಂತಶಕ್ತಿಯನ್ನಲ್ಲ, ರೋಗಿಯ ನಂಬಿಕೆಯನ್ನು ಅನುಸರಿಸುವುದೆಂದು ಕಂಡಿತು. ಅದೇ ಒರೆಗಲ್ಲು ಇಂದಿಗೂ ಸಲ್ಲುವುದು. ಕ್ಯಾಲ್ಗರಿಯವರು 2020ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಆ ಹೋಲಿಕೆಯ ಗುಂಪು ಇದ್ದಿತು; ಆದರೆ ಒಟ್ಟು ರೋಗಿಗಳು 20 ಮಂದಿ ಮಾತ್ರ. ಅಲ್ಲದೆ ನಿಜ ಸುರುಳಿಯು ಟಕಟಕ ಸದ್ದು ಮಾಡುತ್ತ ನೆತ್ತಿಯ ಚರ್ಮವನ್ನು ಕುಟುಕುವುದರಿಂದ, ರೋಗಿಗೆ ಗೊತ್ತಾಗದಂತಹ ಹುಸಿ ಸುರುಳಿಯನ್ನು ರಚಿಸುವುದೇ ಒಂದು ಕಷ್ಟ.

ಈ ಅಲ್ಪ ಆಧಾರದ ಮೇಲೆ ಹಣ ತೆತ್ತು ಚಿಕಿತ್ಸೆ ಪಡೆಯುವಂತೆ ರೋಗಿಗೆ ಹೇಳುವುದು ನನಗೆ ಉಚಿತವಾಗಿ ತೋರುವುದಿಲ್ಲ; ಪರೀಕ್ಷೆಯಲ್ಲಿ ಭಾಗಿಯಾಗೆಂದು ಹೇಳಬಹುದು. ಚಿಕಿತ್ಸೆಯಿಂದ ಅಪಸ್ಮಾರ ಬರುವುದು ವಿರಳ. ಆದರೆ ತಲೆಗೆ ಪೆಟ್ಟು ಬಿದ್ದವರಲ್ಲಿ ಆ ಎಚ್ಚರ ಹೆಚ್ಚಾಗಿರಬೇಕು. ತಲೆಯೊಳಗೆ ಲೋಹದ ತುಣುಕಾಗಲಿ ವಿದ್ಯುದುಪಕರಣವಾಗಲಿ ಇರುವವರ ಮೇಲೆ ಸುರುಳಿಯನ್ನು ಇಡಲಾಗದು.