ರಾಣಿಯಿಲ್ಲದ ಮನೆಗೆ ಗರಿಯ ತೋರಣ

ಇರುವೆ ಸಾಕಬೇಕೆಂದರೆ ಮೊದಲು ರಾಣಿ ಬೇಕು. ಈ ಹುಚ್ಚು ಹಿಡಿದವರೆಲ್ಲ ಕಲಿಯುವ ಮೊದಲ ಪಾಠ ಇದು. ಮುಂಗಾರು ಮಳೆ ಬಿದ್ದ ಸಂಜೆ ನಂಜನಗೂಡಿನ ಬೀದಿದೀಪದ ಕೆಳಗೆ ನಿಂತು ನೋಡಿ, ರೆಕ್ಕೆಹುಳುಗಳ ಜಾತ್ರೆ! ನಾಲ್ಕೂ ರೆಕ್ಕೆ ಒಂದೇ ಅಳತೆಯವಾದರೆ ಅದು ಗೆದ್ದಲು, ಬಿಡಿ. ಸೊಂಟ ಸಣ್ಣ, ಕುಡಿಮೀಸೆ ಮೊಣಕೈಯಂತೆ ಬಾಗಿದೆಯೇ? ಇರುವೆ! ಕರಿ ಗೊದ್ದದ ರಾಣಿ ಸಿಕ್ಕಿದರಂತೂ ಹಬ್ಬ. 1787ರಲ್ಲೇ ಫ್ಯಾಬ್ರಿಷಿಯಸ್ ಹೆಸರಿಟ್ಟ ಕ್ಯಾಂಪೊನೋಟಸ್ ಕಂಪ್ರೆಸಸ್ ಅದು. ಗಾಜಿನ ನಳಿಗೆಯ ತಳದಲ್ಲಿ ನೀರು, ಅದಕ್ಕೊಂದು ಹತ್ತಿಯ ತಡೆ, ಬಾಯಿಗೂ ಹತ್ತಿ, ಸುತ್ತ ಕತ್ತಲೆ. ಊಟ? ಬೇಡವೇ ಬೇಡ! ರೆಕ್ಕೆ ಕಳಚಿದ ಮೇಲೆ, ಅದನ್ನು ಆಡಿಸುತ್ತಿದ್ದ ಸ್ನಾಯುಗಳನ್ನೇ ಕರಗಿಸಿಕೊಂಡು ಆಕೆ ಮೊದಲ ಮಕ್ಕಳನ್ನು ಸಾಕುತ್ತಾಳೆ.

ಇಷ್ಟು ಕಲಿತು ಬೀಗುತ್ತಿದ್ದೆ. ತಿ. ನರಸೀಪುರದಾಚೆ, ಮಾಗಿಯ ಒಂದು ಸಂಜೆ, ಹೊಲದ ಬದುವಿನ ಮೇಲೆ ಆ ಬೀಗು ಇಳಿಯಿತು. ನೆಲದಲ್ಲೊಂದು ತೂತು. ಸುತ್ತ ಮಣ್ಣಿನ ದಿಬ್ಬ. ದಿಬ್ಬದ ಮೇಲೆ ಹಕ್ಕಿಯ ಗರಿಗಳು! ಒಳಗಿಂದ ಬಂದದ್ದು ಸೆಂಟಿಮೀಟರಿನಷ್ಟು ಉದ್ದದ ಕರಿ ಇರುವೆ, ಮೈತುಂಬ ಬೆರಳಚ್ಚಿನಂಥ ಗೆರೆ. ಡಯಾಕಮಾ! (ಕುಟುಕುತ್ತದೆ. ಕೈಯಿಡಬೇಡಿ.)

ನಳಿಗೆ ತೆಗೆದು ರಾಣಿಗಾಗಿ ಕಾದರೆ? ಯುಗಾದಿ ಕಳೆದರೂ ಕಾಯುತ್ತಲೇ ಇರಬೇಕು. ಯಾಕೆಂದರೆ ಈ ಕುಲದಲ್ಲಿ ರಾಣಿಯೇ ಇಲ್ಲ! ಹುಟ್ಟುವ ಪ್ರತಿ ಹೆಣ್ಣಿನ ಎದೆಯ ಎರಡು ಮಗ್ಗುಲಿಗೂ ರೆಕ್ಕೆಯ ಮೊಗ್ಗಿನಂಥ ಪುಟ್ಟ ಗುಬುಟು. ಅದಿದ್ದವಳಿಗೇ ಗಂಡು, ಮೊಟ್ಟೆ, ಯಜಮಾನಿಕೆ. ಹಾಗಾಗಿ ಹೊಸಬಳು ಕೋಶದಿಂದ ಹೊರಬೀಳುತ್ತಿದ್ದಂತೆ ಆ ಮೊಗ್ಗನ್ನು ಕಚ್ಚಿ ಕಿತ್ತುಬಿಡುತ್ತಾರೆ. ಆಮೇಲೆ ಅವಳು ಬದುಕೆಲ್ಲ ದುಡಿಯುವ ಆಳು. ಯಜಮಾನಿ ಸತ್ತಳೋ, ಮುಂದೆ ಹುಟ್ಟಿದವಳ ಮೊಗ್ಗು ಉಳಿಯಿತು! ಯಾವ ಅತ್ತೆ-ಸೊಸೆ ಧಾರಾವಾಹಿಯೂ ಇಷ್ಟು ಕ್ರೂರವಲ್ಲ. ಮನೆ ಬದಲಿಸುವಾಗ ಮಾತ್ರ ಇವೇ ಇರುವೆಗಳು ಮುಂದೊಬ್ಬಳು, ಹಿಂದೊಬ್ಬಳು, ಮೈ ಮುಟ್ಟಿಕೊಂಡು ದಾರಿ ತೋರುತ್ತ ನಡೆಯುತ್ತವೆ.

ನಳಿಗೆ ಜೇಬಿಗೆ ಹೋಯಿತು. ಸರಿ, ಗರಿ ಯಾಕೆ? ಅಂದಕ್ಕೆ ಅಂದುಕೊಂಡಿದ್ದೆ, ದಡ್ಡ. ಭಾರತದ ಡಯಾಕಮಾಗಳನ್ನೇ ನೋಡಿ ಇರುವೆ ತಜ್ಞ ಮಾರ್ಕ್ ಮೊಫೆಟ್ 1985ರಲ್ಲಿ ಬರೆದ ಉತ್ತರ ಓದಿ ರಾತ್ರಿ ನಿದ್ದೆ ಬರಲಿಲ್ಲ. ಕೋಳಿ ಕೂಗುವ ಮೊದಲೇ ಆ ಬದುವಿಗೆ ಓಡಿದೆ. ಗರಿಯ ಎಳೆ ಎಳೆಯಲ್ಲೂ ಇಬ್ಬನಿ ಮುತ್ತುಗಟ್ಟಿತ್ತು. ಒಂದು ಇರುವೆ ದಿಬ್ಬ ಹತ್ತಿತು, ಬಾಯಿದವಡೆ ಅಗಲಿಸಿತು, ಒಂದು ಹನಿಯನ್ನು ತುಂಬಿದ ಕೊಡದಂತೆ ಎತ್ತಿಕೊಂಡು ತೂತಿನೊಳಗೆ ಇಳಿಯಿತು.